ಒತ್ತಡಕ್ಕೆ ಅಡ್ರಿನಲ್ ಗ್ರಂಥಿ ಸೋಲಲ್ಲ, ಆದರೆ ಆ ಪುಡಿ ಪೊಟ್ಟಣದ ಬಗ್ಗೆ ಮೊದಲು ಮಾತಾಡೋಣ

ಸೇಡಂ ಕಡೆಯ ಓದುಗರೊಬ್ಬರ ಪತ್ರ ಇದು. ಗುರುತು ಸಿಗುವಂಥ ವಿವರ ತೆಗೆದು, ಸ್ವಲ್ಪ ಚಿಕ್ಕದು ಮಾಡಿ ಕೊಡುತ್ತಿದ್ದೇನೆ.

“ಡಾಕ್ಟರೇ, ನನಗೆ 39 ವರ್ಷ. ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್ ಇದ್ದೇನೆ. ಯಜಮಾನರದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಎರಡು ವರ್ಷದ ಹಿಂದೆ ಮಾವನವರು ಲಕ್ವಾ ಹೊಡೆದು ಹಾಸಿಗೆ ಹಿಡಿದರು. ರಾತ್ರಿ ಎರಡು ಮೂರು ಸಲ ಎದ್ದು ಅವರನ್ನು ಮಗ್ಗುಲು ಹೊರಳಿಸಬೇಕು. ಬೆಳಿಗ್ಗೆ 5ಕ್ಕೆ ಮತ್ತೆ ನನ್ನ ಕೆಲಸ ಶುರು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಒಂದು ವರ್ಷದಿಂದ ಸುಸ್ತು ಅಂದರೆ ಸುಸ್ತು, ಮಲಗಿ ಎದ್ದರೂ ಹೋಗಲ್ಲ. ಮಲಗಿದರೆ ನಿದ್ದೆಯೂ ಬರಲ್ಲ. ದಿನಕ್ಕೆ ಆರೇಳು ಕಪ್ ಚಾ ಆಗುತ್ತದೆ. ಒಂದು ವಿಡಿಯೋದಲ್ಲಿ ಒತ್ತಡಕ್ಕೆ ಅಡ್ರಿನಲ್ ಗ್ರಂಥಿ ದಣಿದು ಸೋಲುವ ‘ಅಡ್ರಿನಲ್ ಫಟೀಗ್’ ಅಂತ ಕಾಯಿಲೆ ಹೇಳಿದರು, ಲಕ್ಷಣ ಎಲ್ಲ ನನಗೆ ಹೊಂದಿದವು. ದೇಹ ಶುದ್ಧ ಆಗಬೇಕು, ಮೊದಲು ಎಲ್ಲ ಗುಳಿಗೆ ಬಿಡಿ ಅಂದರು. ಮೊಣಕಾಲು ನೋವಿಗೆ ಹತ್ತು ತಿಂಗಳಿಂದ ತಗೋತಿದ್ದ ಪುಡಿ ಪೊಟ್ಟಣವನ್ನು ಮೂರು ವಾರದ ಹಿಂದೆ ಬಿಟ್ಟೆ. ಪಕ್ಕದ ಊರಿನವರೊಬ್ಬರು ಕೊಡುತ್ತಾರೆ. ನಮ್ಮ ಅತ್ತೆಯವರೂ ಅದನ್ನೇ ತಗೋತಾರೆ, ಅವರಿಗೆ ಬಹಳ ಆರಾಮ ಇದೆ, ಶುಗರ್ ಒಂದು ಮಾತ್ರ ಹತೋಟಿಗೆ ಬರುತ್ತಿಲ್ಲ. ಬಿಟ್ಟ ಮೇಲೆ ನನಗೆ ಸುಸ್ತು ಇನ್ನೂ ಜಾಸ್ತಿಯಾಗಿದೆ. ಎದ್ದು ನಿಂತರೆ ಚಕ್ಕರ್, ಊಟ ಸೇರಲ್ಲ, ವಾಕರಿಕೆ, ಮೈಯೆಲ್ಲ ನೋವು. ಗ್ರಂಥಿ ಪೂರ್ತಿ ಸೋತಿದೆ ಅನ್ನೋದಕ್ಕೆ ಇದೇ ಗುರುತು ಅಂತ ವಿಡಿಯೋದವರ ವಾಟ್ಸಾಪ್ ಗುಂಪಿನಲ್ಲಿ ಹೇಳುತ್ತಾರೆ. ಈಗ ದಿನಾ ಬೆಳಿಗ್ಗೆ ಉಪ್ಪುನೀರು ಕುಡಿಯುತ್ತಿದ್ದೇನೆ. ಎಂಜಲು ಟೆಸ್ಟಿನ ಕಿಟ್ಟು, ‘ಅಡ್ರಿನಲ್ ಸಪೋರ್ಟ್’ ಕ್ಯಾಪ್ಸೂಲು ತರಿಸಲಾ? ಗ್ರಂಥಿ ಮತ್ತೆ ಸರಿ ಆಗುತ್ತಾ?”

ಅಕ್ಕೋರೇ, ಪತ್ರದ ಮುಕ್ಕಾಲು ಭಾಗ ಒತ್ತಡದ ಬಗ್ಗೆ ಬರೆದಿದ್ದೀರಿ. ನನ್ನ ಕಣ್ಣು ನಿಂತಿದ್ದು ಮಾತ್ರ ಪುಡಿ ಪೊಟ್ಟಣದ ಸಾಲಿನ ಮೇಲೆ. ಮಿಕ್ಕಿದ್ದನ್ನು ನಿಧಾನಕ್ಕೆ ಮಾತಾಡಬಹುದು. ಇದಕ್ಕೆ ಮಾತ್ರ ನಾಳೆ ನಾಡಿದ್ದರಲ್ಲೇ ಡಾಕ್ಟರ ಹತ್ತಿರ ಹೋಗಿ.

ವಿಡಿಯೋದವರು ಹೇಳುವ ಕಾಯಿಲೆ ನಿಮಗಿಲ್ಲ, ಯಾಕಂದರೆ ಅಂಥ ಕಾಯಿಲೆಯೇ ಇಲ್ಲ. ಆದರೂ ನಿಮ್ಮ ಅಡ್ರಿನಲ್ ಈಗ ನಿಜವಾಗಿಯೂ ಕೆಲಸ ಮಾಡದೆ ಇರಬಹುದು. ಅದಕ್ಕೆ ಕಾರಣ ನಿಮ್ಮ ಒತ್ತಡ ಅಲ್ಲ, ಆ ಪೊಟ್ಟಣ. ಅದನ್ನು ಥಟ್ಟನೆ ಬಿಟ್ಟಿದ್ದು.

ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ಕಿಡ್ನಿಗಳ ತಲೆಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ತೂಕ ನಾಲ್ಕೈದು ಗ್ರಾಂ, ಅಷ್ಟೇ. ಗಾಬರಿಯಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್ ಅದರ ಒಳಭಾಗದಿಂದ ಬರುತ್ತದೆ. ಹೊರಭಾಗ ಕಾರ್ಟಿಸಾಲ್ ಮಾಡುತ್ತದೆ, ಉಪ್ಪಿನ ಲೆಕ್ಕ ನೋಡುವ ಆಲ್ಡೋಸ್ಟಿರಾನ್ ಮಾಡುತ್ತದೆ. ಬಿಪಿ ಬೀಳದಂತೆ, ಹಸಿದಾಗ ಶುಗರ್ ಇಳಿಯದಂತೆ, ಜ್ವರ ಬಂದರೂ ಅಪಘಾತವಾದರೂ ದೇಹ ತಡೆದುಕೊಳ್ಳುವಂತೆ ನೋಡುವುದು ಕಾರ್ಟಿಸಾಲ್. ಇದನ್ನು ಮಾಡು ಅಂತ ಅಪ್ಪಣೆ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ. ಆ ಅಪ್ಪಣೆ ತರುವ ಹಾರ್ಮೋನಿನ ಹೆಸರು ಎಸಿಟಿಎಚ್. ಬೆಳಗಿನ ಜಾವ ಕಾರ್ಟಿಸಾಲ್ ಏರುತ್ತಾ ಹೋಗಿ, ಎದ್ದ ಸ್ವಲ್ಪ ಹೊತ್ತಿಗೆ ತುದಿ ಮುಟ್ಟುತ್ತದೆ. ಆಮೇಲೆ ಇಳಿದು ಇಳಿದು ನಡುರಾತ್ರಿ ಹೊತ್ತಿಗೆ ತೀರಾ ಕಡಿಮೆ ಆಗಿರುತ್ತದೆ.

ಒತ್ತಡ ಜಾಸ್ತಿಯಾದರೆ ಗ್ರಂಥಿ ಮಾಡಿ ಮಾಡಿ ಕೊನೆಗೊಂದು ದಿನ ಖಾಲಿಯಾಗುತ್ತದೆ ಅನ್ನುವುದು ಆ ವಿಡಿಯೋಗಳ ವಾದ. ನಮ್ಮ ಕಡೆ ಇದನ್ನು ಜನ ಬೇಗ ನಂಬುತ್ತಾರೆ, ಬೋರ್‌ವೆಲ್ ಬತ್ತುವುದನ್ನು ವರ್ಷಾ ನೋಡುವವರು ನಾವು. ಆದರೆ ಅಡ್ರಿನಲ್ ಒಳಗೆ ಕಾರ್ಟಿಸಾಲಿನ ದಾಸ್ತಾನೇ ಇರುವುದಿಲ್ಲ, ಮುಗಿಯುವುದಕ್ಕೆ. ಎಸಿಟಿಎಚ್ ಬಂದಾಗ ಆಗಿಂದಾಗ್ಗೆ ಕೊಲೆಸ್ಟ್ರಾಲಿನಿಂದ ಹೊಸದಾಗಿ ತಯಾರಾಗುತ್ತದೆ. ಅಪ್ಪಣೆ ಜಾಸ್ತಿ ಬಂದಷ್ಟೂ ಗ್ರಂಥಿ ದಪ್ಪ ಆಗುತ್ತದೆಯೇ ಹೊರತು ಸೊರಗುವುದಿಲ್ಲ. ‘ಅಡ್ರಿನಲ್ ಫಟೀಗ್’ ಅನ್ನುವ ಹೆಸರನ್ನು 1998ರಲ್ಲಿ ಅಮೆರಿಕದ ಜೇಮ್ಸ್ ವಿಲ್ಸನ್ ಎಂಬ ಬದಲಿ ಚಿಕಿತ್ಸಕರು ಇಟ್ಟರು. 2016ರಲ್ಲಿ ಬ್ರೆಜಿಲ್‌ನ ಇಬ್ಬರು ಹಾರ್ಮೋನ್ ತಜ್ಞರು ಈ ವಿಷಯದ 58 ಅಧ್ಯಯನಗಳನ್ನು ಕೂಡಿಸಿ ನೋಡಿ, ಹೀಗೊಂದು ಕಾಯಿಲೆ ಇದೆ ಅನ್ನುವುದಕ್ಕೆ ಆಧಾರ ಇಲ್ಲ ಅಂದರು. ಜಗತ್ತಿನ ದೊಡ್ಡ ಹಾರ್ಮೋನ್ ವೈದ್ಯರ ಸಂಘಗಳು ಇದನ್ನು ಒಪ್ಪಿಕೊಂಡಿಲ್ಲ.

ಹಾಗಂತ ನಿಮ್ಮ ಸುಸ್ತು ಸುಳ್ಳು ಅಂತಲ್ಲ. ಎರಡು ವರ್ಷ ರಾತ್ರಿ ಎರಡು ಮೂರು ಸಲ ಎದ್ದವರಿಗೆ ಸುಸ್ತು ಆಗದಿದ್ದರೇ ಆಶ್ಚರ್ಯ. ದೀರ್ಘ ಒತ್ತಡದಲ್ಲಿ ಕಾರ್ಟಿಸಾಲಿನ ಏರಿಳಿತದ ಲಯ ಕೆಡಬಹುದು, ಸಂಜೆ ಇಳಿಯಬೇಕಾದಷ್ಟು ಇಳಿಯದೆ ಇರಬಹುದು. ಹಗಲಿಡೀ ಒರಗಿಬಿಡುವಷ್ಟು ದಣಿವು, ರಾತ್ರಿ ಹಾಸಿಗೆಯಲ್ಲಿ ಕಣ್ಣು ಪಿಳಿಪಿಳಿ. ಇದರಲ್ಲಿ ಗ್ರಂಥಿ ಹಾಳಾಗಿರುವುದಿಲ್ಲ.

ಈಗ ಪೊಟ್ಟಣಕ್ಕೆ ಬರೋಣ. ಮೊಣಕಾಲು ನೋವಿಗೆ, ಸೊಂಟಕ್ಕೆ, ದಮ್ಮಿಗೆ ಅಂತ ಕಾಗದದಲ್ಲಿ ಕಟ್ಟಿಕೊಡುವ, ಹೆಸರಿಲ್ಲದ ಪುಡಿ, ಗುಳಿಗೆ ನಮ್ಮ ಜಿಲ್ಲೆಯಲ್ಲಿ ಹೊಸದೇನಲ್ಲ. ತಗೊಂಡ ಮರುದಿನವೇ ನೋವು ಮಾಯ, ಹಸಿವು ಜೋರು, ಮೈಯಲ್ಲಿ ಹುರುಪು. ಇಷ್ಟು ಬೇಗ ಇಷ್ಟು ಗುಣ ಕಂಡರೆ ಡಾಕ್ಟರಿಗೆ ಮೊದಲು ಬರುವ ಅನುಮಾನ ಸ್ಟಿರಾಯ್ಡ್. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಇವುಗಳಲ್ಲಿ ಯಾವುದಾದರೊಂದನ್ನು ಪುಡಿ ಮಾಡಿ ಬೆರೆಸಿರುತ್ತಾರೆ. ನಿಮ್ಮ ಪೊಟ್ಟಣದಲ್ಲೂ ಅದೇ ಇದೆ ಅಂತ ಇಲ್ಲಿ ಕೂತು ನಾನು ಪ್ರಮಾಣ ಮಾಡಲಾರೆ. ಆದರೆ ಹತ್ತು ತಿಂಗಳು ತಗೊಂಡು ಬಿಟ್ಟ ತಕ್ಷಣ ಚಕ್ಕರ್, ವಾಕರಿಕೆ, ಊಟ ಸೇರದಿರುವುದು, ಮೈ ಕೈ ನೋವು ಅಂದಾಗ, ಇಲ್ಲ ಅಂತ ಗೊತ್ತಾಗುವ ತನಕ ಇದೆ ಅಂತಲೇ ಹಿಡಿಯಬೇಕು.

ಇವೆಲ್ಲ ಕಾರ್ಟಿಸಾಲಿನ ಕೆಲಸವನ್ನೇ ಮಾಡುವ ಔಷಧ, ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ. ರಕ್ತದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ತಿಳಿದ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ಅಪ್ಪಣೆ ಬಾರದೆ ಅಡ್ರಿನಲ್ಲಿನ ಕಾರ್ಟಿಸಾಲ್ ಮಾಡುವ ಭಾಗ ತಿಂಗಳುಗಟ್ಟಲೆ ಸುಮ್ನೆ ಕೂರುತ್ತದೆ, ಸಣ್ಣದಾಗುತ್ತದೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ದಿನ ತಗೊಂಡವರಲ್ಲಿ ಇದು ಆಗಬಹುದು. ಈಗ ಹೊರಗಿನ ಔಷಧ ಥಟ್ಟನೆ ನಿಂತಿತು. ಒಳಗಿನದು ಇನ್ನೂ ಎದ್ದಿಲ್ಲ. ದೇಹಕ್ಕೆ ಎರಡೂ ಕಡೆಯಿಂದ ಕಾರ್ಟಿಸಾಲ್ ಇಲ್ಲ. ನೋಡಿ, ದೇಹ ಶುದ್ಧ ಮಾಡಿ ಅಂದವರು ನಿಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿದರು ಅಂತ. ಅದರ ಮೇಲೆ ಅದನ್ನೇ ತಮ್ಮ ಕಾಯಿಲೆಗೆ ಸಾಕ್ಷಿ ಅಂತಲೂ ಹೇಳುತ್ತಿದ್ದಾರೆ!

ಕನ್ನಡಿ ಮುಂದೆ ನಿಂತು ನೋಡಿ. ಈ ಹತ್ತು ತಿಂಗಳಲ್ಲಿ ಮುಖ ದುಂಡಗಾಯಿತಾ? ಕತ್ತಿನ ಹಿಂದೆ ಗಡ್ಡೆಯಂತೆ ಕೊಬ್ಬು ಬಂದಿದೆಯಾ? ಸಣ್ಣ ಪೆಟ್ಟಿಗೂ ಚರ್ಮ ಕಂದುತ್ತದಾ, ಹೊಟ್ಟೆಯ ಮೇಲೆ ಕೆಂಪು ನೇರಳೆ ಗೆರೆಗಳಿವೆಯಾ? ಕುಕ್ಕರಗಾಲಲ್ಲಿ ಕೂತರೆ ಕೈ ಊರದೆ ಏಳೋಕೆ ಆಗುತ್ತದಾ? ಇವು ಸ್ಟಿರಾಯ್ಡ್ ಜಾಸ್ತಿಯಾದ ಗುರುತುಗಳು. ಇದ್ದರೆ ಅನುಮಾನ ಗಟ್ಟಿ. ಇಲ್ಲದಿದ್ದರೂ ಪರೀಕ್ಷೆ ಬಿಡಬೇಡಿ.

ಹೋಗುವಾಗ ಉಳಿದ ಪೊಟ್ಟಣಗಳನ್ನು ಜೊತೆಗೆ ಒಯ್ಯಿರಿ. ಸೇಡಂ ತಾಲೂಕು ದವಾಖಾನೆಯಲ್ಲಿ ಫಿಜಿಶಿಯನ್ನರಿಗೆ ತೋರಿಸಬಹುದು, ಇಲ್ಲವೇ ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಮುಚ್ಚುಮರೆ ಮಾಡಬೇಡಿ. ಹಳ್ಳಿ ಔಷಧ ತಗೊಂಡೆ ಅಂದರೆ ಡಾಕ್ಟರು ಬೈಯುತ್ತಾರೆ ಅಂತ ಎಷ್ಟೋ ಜನ ಹೇಳುವುದೇ ಇಲ್ಲ. ಬೈದರೆ ಬೈಸಿಕೊಳ್ಳಿ, ವಿಷಯ ಮಾತ್ರ ಹೇಳಿ. ಬೆಳಿಗ್ಗೆ 8ರ ಸುಮಾರಿಗೆ ರಕ್ತ ಕೊಟ್ಟು ಕಾರ್ಟಿಸಾಲ್ ನೋಡಿಸಬೇಕು. ಮಧ್ಯಾಹ್ನ ಕೊಟ್ಟ ರಕ್ತದಿಂದ ಏನೂ ಗೊತ್ತಾಗಲ್ಲ. ಕೂದಲಿಗೆ ಅಂತ ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ, ಗರ್ಭನಿರೋಧಕ ಗುಳಿಗೆ ತಗೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಎರಡೂ ಈ ಲೆಕ್ಕವನ್ನು ತಪ್ಪಿಸುತ್ತವೆ. ಸ್ಟಿರಾಯ್ಡ್ ತಗೊಂಡವರಲ್ಲಿ ಬೆಳಗಿನ ಕಾರ್ಟಿಸಾಲ್ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಎದ್ದಿದೆ ಅಂತ ಸಾಮಾನ್ಯವಾಗಿ ಹಿಡಿಯುತ್ತೇವೆ. 5ಕ್ಕಿಂತ ಕೆಳಗಿದ್ದರೆ ಇನ್ನೂ ಎದ್ದಿಲ್ಲ. ನಡುವೆ ಬಂದರೆ ಕಾದು ಮತ್ತೆ ನೋಡಬೇಕು, ಕೆಲವೊಮ್ಮೆ ಎಸಿಟಿಎಚ್ ಸೂಜಿ ಕೊಟ್ಟು ಪರೀಕ್ಷೆ ಮಾಡುತ್ತೇವೆ. ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಶುಗರ್, ಮಲಗಿದಾಗ ಒಮ್ಮೆ ನಿಂತಾಗ ಒಮ್ಮೆ ಬಿಪಿ.

ಕಾರ್ಟಿಸಾಲ್ ಕಡಿಮೆ ಬಂದರೆ ಡಾಕ್ಟರು ಮತ್ತೆ ಸ್ಟಿರಾಯ್ಡನ್ನೇ ಬರೆಯುತ್ತಾರೆ. ಗಾಬರಿಯಾಗಬೇಡಿ. ದೇಹ ತಾನೇ ಮಾಡಿಕೊಳ್ಳಬೇಕಿದ್ದಷ್ಟು ಮಾತ್ರ, ಲೆಕ್ಕ ಹಾಕಿ, ಹೈಡ್ರೋಕಾರ್ಟಿಸೋನ್ ಅಥವಾ ಸಣ್ಣ ಪ್ರಮಾಣದ ಪ್ರೆಡ್ನಿಸೋಲೋನ್ ರೂಪದಲ್ಲಿ ಕೊಟ್ಟು, ನಿಧಾನವಾಗಿ ಇಳಿಸುತ್ತಾ ಹೋಗುವುದು. ಪುಡಿಯಲ್ಲಿ ಎಷ್ಟಿತ್ತು ಅಂತ ಕೊಟ್ಟವರಿಗೂ ಗೊತ್ತಿರಲಿಕ್ಕಿಲ್ಲ. ಇದರಲ್ಲಿ ಗೊತ್ತಿರುತ್ತದೆ. ಗ್ರಂಥಿ ಸರಿ ಆಗುತ್ತಾ ಅಂತ ಕೇಳಿದ್ದೀರಿ. ಹೆಚ್ಚಿನವರಲ್ಲಿ ಆಗುತ್ತದೆ. ಆದರೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದೆ. ಅಷ್ಟು ದಿನ ಜ್ವರ ಬಂದರೆ ಡೋಸ್ ಎರಡರಷ್ಟೋ ಮೂರರಷ್ಟೋ ಮಾಡಿಕೊಳ್ಳಬೇಕು, ಆಪರೇಷನ್ ಅಥವಾ ಹಲ್ಲು ಕೀಳಿಸುವುದು ಇದ್ದರೆ ಮೊದಲೇ ಹೇಳಬೇಕು. ಸ್ಟಿರಾಯ್ಡ್ ಮೇಲಿದ್ದೇನೆ ಅಂತ ಚೀಟಿ ಬರೆಸಿಕೊಂಡು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಟೆಸ್ಟಿಗೂ ಕಾಯಬಾರದ ಹೊತ್ತು ಒಂದಿದೆ. ಮೇಲಿಂದ ಮೇಲೆ ವಾಂತಿ, ಹೊಟ್ಟೆ ನೋವು, ನಿಲ್ಲಲಾಗದಷ್ಟು ಚಕ್ಕರ್, ಮಾತು ತೊದಲುವುದು, ಮಂಪರು. ಇವುಗಳಲ್ಲಿ ಏನಾದರೂ ಶುರುವಾದರೆ ರಾತ್ರಿಯಾದರೂ ಸರಿ, ಹತ್ತಿರದ ದವಾಖಾನೆಯ ತುರ್ತು ವಿಭಾಗಕ್ಕೆ ಹೋಗಿ. “ಸ್ಟಿರಾಯ್ಡ್ ಇರುವ ಔಷಧ ತಗೋತಿದ್ದರು, ನಿಲ್ಲಿಸಿದ್ದಾರೆ” ಅಂತ ಜೊತೆಗಿದ್ದವರು ಹೇಳಬೇಕು. ಹೈಡ್ರೋಕಾರ್ಟಿಸೋನ್ ಸೂಜಿ, ಸಲೈನ್ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೊಡದಿದ್ದರೆ ಜೀವಕ್ಕೆ ಅಪಾಯ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 42 ದಾಟಿದಾಗ, ಭೇದಿ ಹತ್ತಿದಾಗ ಇಂಥವರು ಬೇಗ ಕುಸಿಯುತ್ತಾರೆ. ಸೋಮವಾರ, ಶ್ರಾವಣ ಅಂತ ಉಪವಾಸ ಮಾಡುವ ಪದ್ಧತಿ ಇದ್ದರೆ ಸದ್ಯಕ್ಕೆ ಬಿಡಿ.

ಅತ್ತೆಯವರ ವಿಷಯ. ಅವರ ಶುಗರ್ ಯಾಕೆ ಹತೋಟಿಗೆ ಬರುತ್ತಿಲ್ಲ ಅಂತ ಈಗ ನಿಮಗೂ ಅನುಮಾನ ಬಂದಿರಬಹುದು. ಆದರೆ ಇದನ್ನು ಓದಿ ಇವತ್ತೇ ಅವರ ಪುಡಿ ಕಸಿದುಕೊಳ್ಳಬೇಡಿ. ನಿಮಗಾದದ್ದೇ ಅವರಿಗೂ ಆಗುತ್ತದೆ, ವಯಸ್ಸಾದವರು ಬೇರೆ. ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರೇ ಲೆಕ್ಕವಿರುವ ಗುಳಿಗೆಗೆ ಬದಲಾಯಿಸಿ ಇಳಿಸುತ್ತಾರೆ.

ಉಪ್ಪುನೀರು ನಿಲ್ಲಿಸಿ. ಅಡ್ರಿನಲ್ ಗ್ರಂಥಿಯೇ ನಾಶವಾಗುವ ಅಡಿಸನ್ ಕಾಯಿಲೆ ಅಂತ ಒಂದಿದೆ. 1855ರಲ್ಲಿ ಥಾಮಸ್ ಅಡಿಸನ್ ಅದನ್ನು ವಿವರಿಸಿದರು, ನಮ್ಮ ದೇಶದಲ್ಲಿ ಅದಕ್ಕೆ ಟಿಬಿ ಇವತ್ತಿಗೂ ಒಂದು ಮುಖ್ಯ ಕಾರಣ. ಅದರಲ್ಲಿ ಉಪ್ಪು ಹಿಡಿದಿಡುವ ಆಲ್ಡೋಸ್ಟಿರಾನ್ ಕೂಡ ಹೋಗುತ್ತದೆ. ಉಪ್ಪು ತಿನ್ನಬೇಕು ಅನ್ನಿಸುತ್ತದೆ, ತೂಕ ಇಳಿಯುತ್ತದೆ, ಅಂಗೈ ಗೆರೆ, ವಸಡು, ಬೆರಳಿನ ಗಿಣ್ಣು ಕಪ್ಪಾಗುತ್ತವೆ. ಹಾಗೇನಾದರೂ ಕಂಡಿದ್ದರೆ ಡಾಕ್ಟರಿಗೆ ಹೇಳಿ. ಸ್ಟಿರಾಯ್ಡಿನಿಂದ ಆಗುವುದರಲ್ಲಿ ಆಲ್ಡೋಸ್ಟಿರಾನ್ ಕೆಲಸ ಬಹುತೇಕ ಸರಿಯಾಗಿಯೇ ಇರುತ್ತದೆ. ಉಪ್ಪುನೀರಿನಿಂದ ಲಾಭವಿಲ್ಲ, ಬಿಪಿ ಏರಬಹುದು ಅಷ್ಟೇ.

ಕಿಟ್ಟಿಗೆ ದುಡ್ಡು ಹಾಕಬೇಡಿ. ಎಂಜಲಿನಲ್ಲಿ ಕಾರ್ಟಿಸಾಲ್ ನೋಡುವುದು ಖೊಟ್ಟಿ ಅಂತಲ್ಲ, ನಡುರಾತ್ರಿಯ ಎಂಜಲನ್ನು ನಾವೂ ಕೇಳುತ್ತೇವೆ. ಆದರೆ ಅದು ಕಾರ್ಟಿಸಾಲ್ ಜಾಸ್ತಿಯಾಗುವ ಕುಶಿಂಗ್ ಕಾಯಿಲೆ ಪತ್ತೆಗೆ. ದಿನಕ್ಕೆ ನಾಲ್ಕು ಸಲ ಉಗುಳಿ ಕಳಿಸಿ, ಗೆರೆ ನೋಡಿ “ಎರಡನೇ ಹಂತದ ಫಟೀಗ್” ಅನ್ನುವುದು ವ್ಯಾಪಾರ. ಕ್ಯಾಪ್ಸೂಲ್ ಅಂತೂ ಮುಟ್ಟಲೇಬೇಡಿ. ಅಮೆರಿಕದಲ್ಲಿ ಇಂಥ 12 ಅಡ್ರಿನಲ್ ಪೂರಕಗಳನ್ನು ಲ್ಯಾಬಿನಲ್ಲಿ ನೋಡಿದ ಅಧ್ಯಯನ 2018ರಲ್ಲಿ ಬಂತು. ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನ್ ಸಿಕ್ಕಿತು, ಅರ್ಧಕ್ಕಿಂತ ಹೆಚ್ಚಿನದರಲ್ಲಿ ಸ್ಟಿರಾಯ್ಡ್ ಹಾರ್ಮೋನ್ ಕೂಡ. ಒಂದು ಪುಡಿಯಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಬೀಳುವುದು ಬೇಡ ಅಲ್ವಾ.

ಅಶ್ವಗಂಧದ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಸಲಹೆ ಅದೇ ಬರುತ್ತದೆ. ಒತ್ತಡ ಸ್ವಲ್ಪ ತಗ್ಗಿಸಬಹುದು ಅಂತ ಸಣ್ಣ ಅಧ್ಯಯನಗಳು ಹೇಳುತ್ತವೆ. ಲಿವರಿಗೆ ಪೆಟ್ಟು ಬಿದ್ದ, ಥೈರಾಯ್ಡ್ ಏರಿದ ವರದಿಗಳೂ ಇವೆ, ಡೆನ್ಮಾರ್ಕ್ 2023ರಲ್ಲಿ ನಿಷೇಧವನ್ನೇ ಹಾಕಿತು. ನಿಮ್ಮ ಪರೀಕ್ಷೆಗಳು ಮುಗಿಯುವ ತನಕ ಬೇಡ. ಜೇಷ್ಠಮಧು ದಿನಾ ಕಷಾಯ ಮಾಡಿ ಕುಡಿಯುವುದೂ ಬೇಡ, ಅದು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ.

ಇನ್ನು ಪುಡಿ ಬಿಡುವುದಕ್ಕೆ ಮೊದಲೇ ಇದ್ದ ಸುಸ್ತು. ಅದಕ್ಕೆ ಕಾರಣ ಒಂದೇ ಇರಲಿಕ್ಕಿಲ್ಲ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನಾನು ಮೊದಲು ನೋಡುವುದು ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದೆ. ಹಾಗಾಗಿ ಅದೇ ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಬಿ12, ಕ್ರಿಯಾಟಿನಿನ್ ಕೂಡ ನೋಡಿಸಿಬಿಡಿ. ಊಟದ ಜೊತೆಗೋ ಊಟ ಆದ ತಕ್ಷಣವೋ ಚಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ತಾಸು ಬಿಡಿ. ಪುಂಡಿಪಲ್ಯ, ತೊಗರಿಬೇಳೆ, ಜೋಳದ ರೊಟ್ಟಿ ಹೇಗೂ ನಮ್ಮ ಊಟವೇ, ಮೇಲೊಂದಿಷ್ಟು ನಿಂಬೆ ಹಿಂಡಿಕೊಂಡರೆ ಆಯಿತು. ಚಾದಲ್ಲಿರುವ ಕೆಫೀನಿನ ಅರ್ಧದಷ್ಟು ಐದು ತಾಸಿನ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಶಾಲೆಯಿಂದ ಬಂದು ಕುಡಿಯುವ ಎರಡು ಕಪ್ಪೇ ರಾತ್ರಿ ನಿಮ್ಮ ನಿದ್ದೆ ಕೆಡಿಸುತ್ತಿರಬಹುದು. ಒಮ್ಮೆಲೇ ಬಿಟ್ಟರೆ ತಲೆ ಸಿಡಿಯುತ್ತದೆ, ದಿನ ಬಿಟ್ಟು ದಿನ ಒಂದೊಂದು ಕಡಿಮೆ ಮಾಡಿ, ಕೊನೆಯದು ಮಧ್ಯಾಹ್ನ 2ರೊಳಗೆ ಇರಲಿ. ನಿದ್ದೆಗೆ ಅಂತ ಮೆಡಿಕಲ್ ಶಾಪಿನಿಂದ ಆಲ್ಪ್ರಜೋಲಾಮ್ ತರಿಸಿಕೊಳ್ಳಬೇಡಿ. ಮೊದಲು ಹಾಯ್ ಅನಿಸುತ್ತದೆ, ಆಮೇಲೆ ಅದಿಲ್ಲದೆ ನಿದ್ದೆಯೇ ಬರಲ್ಲ.

ವ್ಯಾಯಾಮ ಕಾರ್ಟಿಸಾಲ್ ವರದಿ ಬಂದ ಮೇಲೆ. ಅಲ್ಲಿಯವರೆಗೆ ಬೆಳಿಗ್ಗೆ ಅಂಗಳದಲ್ಲಿ ಹದಿನೈದು ನಿಮಿಷ ಬೆಳಕಿಗೆ ಕೂತರೆ ಸಾಕು. ರಾತ್ರಿಯ ನಿದ್ದೆಗೆ ಅದೂ ಸಹಾಯ ಮಾಡುತ್ತದೆ.

ಯಾವುದರಲ್ಲೂ ಮನಸ್ಸಿಲ್ಲ, ಸುಮ್ನೆ ಅಳು ಬರುತ್ತದೆ, ಬದುಕೇ ಬೇಡ ಅನ್ನಿಸುತ್ತದೆ ಅನ್ನುವ ಮಟ್ಟಕ್ಕೆ ಬಂದಿದ್ದರೆ ಅದು ಖಿನ್ನತೆ ಇರಬಹುದು. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳಲ್ಲ. ಖಿನ್ನತೆಯ ಗುಳಿಗೆ ಬೇಕಾದರೆ ಮನೋವೈದ್ಯರು ಬರೆಯುತ್ತಾರೆ. ಅದು ಹಿಡಿತಕ್ಕೆ ಬರಲು ನಾಲ್ಕಾರು ವಾರ ಬೇಕು, ಮೊದಲ ವಾರ ಸ್ವಲ್ಪ ಹೊಟ್ಟೆ ತೊಳಸಬಹುದು. ಇದನ್ನೂ ಹೇಳದೆ ಕೇಳದೆ ನಿಲ್ಲಿಸುವಂತಿಲ್ಲ.

ಕೊನೆಗೆ ಗುಳಿಗೆಯಲ್ಲಿ ಸಿಗದ ಔಷಧ. ಮಾವನವರನ್ನು ಹೊರಳಿಸುವುದು ತಪ್ಪಿಸುವಂತಿಲ್ಲ, ಬೆನ್ನಿಗೆ ಹುಣ್ಣು ಆಗುತ್ತದೆ. ಆದರೆ ಎಲ್ಲ ರಾತ್ರಿ ನೀವೇ ಏಳಬೇಕು ಅಂತ ಯಾರು ಹೇಳಿದರು? ಯಜಮಾನರಿಗೆ ನೈಟ್ ಶಿಫ್ಟ್ ಇಲ್ಲದ ವಾರ ರಾತ್ರಿಯ ಪಾಳಿ ಅವರದ್ದು. ಗಾಳಿ ಹಾಸಿಗೆ ಬಾಡಿಗೆಗೂ ಸಿಗುತ್ತದೆ, ಅದಿದ್ದರೆ ಹೊರಳಿಸುವ ನಡುವಿನ ಅಂತರ ಸ್ವಲ್ಪ ಜಾಸ್ತಿ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ. ಪುಣೆಯಲ್ಲೋ ಹೈದರಾಬಾದಿನಲ್ಲೋ ಮೈದುನರು, ನಾದಿನಿಯರು ಇದ್ದರೆ ತಿಂಗಳಿಗೊಂದು ವಾರ ಬಂದು ಇರಲಿ, ಬರಲಾಗದವರು ರಾತ್ರಿಗೆ ಆಳು ಇಡುವ ಖರ್ಚು ಕೊಡಲಿ. ಈ ಮಾತು ನೀವು ಎತ್ತುವುದು ಕಷ್ಟ ಅಂತ ಗೊತ್ತು. ಅದಕ್ಕೇ ದವಾಖಾನೆಗೆ ಯಜಮಾನರನ್ನೂ ಕರೆದುಕೊಂಡು ಹೋಗಿ ಅನ್ನುವುದು, ಡಾಕ್ಟರ ಬಾಯಿಂದ ಬಂದರೆ ಮನೆಯಲ್ಲಿ ತೂಕ ಬೇರೆ.

ರಜೆಯ ವಿಷಯದಲ್ಲೂ ಸಂಕೋಚ ಬೇಡ. ಕಾರ್ಟಿಸಾಲ್ ಕಡಿಮೆ ಬಂದರೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ಹಾಕಬಹುದು. 18 ವರ್ಷದೊಳಗಿನ ಮಕ್ಕಳಿರುವ ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆಯೂ ಇದೆ, ಇಡೀ ಸೇವೆಯಲ್ಲಿ ಆರು ತಿಂಗಳವರೆಗೆ. ಮಗಳ ಪರೀಕ್ಷೆ ಹೊತ್ತಿಗೆ ಅದರಲ್ಲಿ ಕೆಲವು ದಿನ ಸಿಗುತ್ತವಾ ಅಂತ ಮುಖ್ಯಗುರುಗಳನ್ನು ಈಗಲೇ ಕೇಳಿಟ್ಟುಕೊಳ್ಳಿ.